ಎಡಗಣ್ಣಿನ ಕೆಳಗಿನ ಸುಳಿ

ತಿ. ನರಸೀಪುರ, 4-11-1907, ಸೋಮವಾರ

ಬೆಳಿಗ್ಗೆ ಕಚೇರಿ. ಗಡಿಕಲ್ಲಿನ ಜಗಳ ಎರಡು, ಎರಡೂ ಹಳೆಯವು. ಮಧ್ಯಾಹ್ನ ಅಮಲ್ದಾರರು ಕರೆಸಿದರು. ಹೋಬಳಿಯ ಕಂದಾಯ ನೋಡುವ ಶೇಕ್ದಾರರಾಗಿ ಇಷ್ಟು ದಿನವಾಯಿತು, ಇನ್ನೂ ಎತ್ತಿನ ಗಾಡಿಯಲ್ಲೇ ಹಳ್ಳಿ ಸುತ್ತುತ್ತಿದ್ದೀರಂತಲ್ಲ ಎಂದರು. ಹೌದು ಎಂದೆ. ಈ ಕೆಲಸಕ್ಕೆ ಕುದುರೆ ಇಡಲೇಬೇಕು, ಬೇಸಿಗೆಯಲ್ಲಿ ಜಮಾಬಂದಿಗೆ, ಕಂದಾಯದ ಲೆಕ್ಕ ತಪಾಸಣೆಗೆ, ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಬಂದಾಗ ಅವರ ಪಕ್ಕದಲ್ಲಿ ಕುದುರೆ ಮೇಲೆ ಇರದಿದ್ದರೆ ಮತ್ತೆ ಗುಮಾಸ್ತೆ ಚಾಪೆಗೇ ವಾಪಸ್ಸು ಎಂದರು. ನಗುತ್ತಲೇ ಹೇಳಿದರು. ಅವರು ನಗುತ್ತಾ ಹೇಳಿದ್ದೇ ನಡೆಯುವುದು.

ಸೋಸಲೆಯ ಬೇಸಾಯಗಾರರ ಮನೆಯವನು ನಾನು. ಎತ್ತು ಗೊತ್ತು, ಎಮ್ಮೆ ಗೊತ್ತು. ಕುದುರೆ ನೋಡಿದ್ದು ಮೈಸೂರು ದಸರಾದಲ್ಲಿ, ಅದೂ ಮುಂದೆ ನಿಂತವರ ರುಮಾಲುಗಳ ಸಂದಿಯಿಂದ.

ಮನೆಯಲ್ಲಿ ಹೇಳಿದೆ. ಪುಟ್ಟಗೌರಿ ನಕ್ಕಳು — ಬಹಳ ದಿನದ ಮೇಲೆ. ಅವಳಿಗೀಗ ನಾಲ್ಕನೇ ತಿಂಗಳು. ಮೊದಲಿನ ಎರಡು ಮಕ್ಕಳೂ ಹೆಮ್ಮರಗಾಲದಲ್ಲಿ ಅವಳ ತವರಲ್ಲಿ ಹುಟ್ಟಿ, ತೊಟ್ಟಿಲು ಕಾಣದೆ ಹೋದವು. ಈ ಸಲ ಸೊಸೆಯನ್ನು ತವರಿಗೆ ಕಳಿಸುವುದಿಲ್ಲ, ಹೆರಿಗೆ ಇಲ್ಲೇ ಅಂತ ಅವ್ವನ ಹಟ. ಈ ಮಗು ಉಳಿಯಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂವರೂ ಯೋಚಿಸುವುದು ಅದನ್ನೇ.

ನಂಜನಗೂಡು, 10-11-1907, ಭಾನುವಾರ

ಕುದುರೆ ಆಯಿತು.

ಜೊತೆಗೆ ಹುಚ್ಚಯ್ಯನನ್ನು ಕರೆದುಕೊಂಡು ಬಂದಿದ್ದೆ. ಸಿಲ್ಲೇದಾರ್ ಕುದುರೆ ಪಡೆಯಲ್ಲಿ ರಾವುತನಾಗಿದ್ದೆ ಎನ್ನುತ್ತಾನೆ. ಕಚೇರಿಯ ಜವಾನನ ಪ್ರಕಾರ ಅಲ್ಲಿ ಲದ್ದಿ ಎತ್ತುವ ಕಾಸದಾರನಾಗಿದ್ದ. ಎರಡೂ ನಿಜವಿರಬಹುದು. ಕುದುರೆಯ ಎರಡು ಕೊನೆಗಳಲ್ಲಿ ಒಂದನ್ನಾದರೂ ಬಲ್ಲವನು ನನಗಿಂತ ಮೇಲು.

ರೈಲ್ವೆ ಸ್ಟೇಷನ್ನಿನ ಹಿಂದೆ ವ್ಯಾಪಾರಿಯ ಲಾಯ. ಒಂದೊಂದನ್ನೇ ಹೊರಗೆ ತಂದು ನಡೆಸಿದ. ಮೊದಲು ಅರಬ್ಬಿ — ಚಿಕ್ಕ ತಲೆ, ಒಳಕ್ಕೆ ತಗ್ಗಿದ ಮೂಗಿನ ದಂಡೆ, ಬಾಲ ಎತ್ತಿಕೊಂಡೇ ನಡೆಯುತ್ತದೆ. ನನ್ನ ಸಂಬಳ ಅದಕ್ಕೂ ಗೊತ್ತಿದ್ದ ಹಾಗೆ ಮುಖ ತಿರುಗಿಸಿತು. ಆಮೇಲೆ ವೇಲರ್. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುವ ಜಾತಿ, ಫೌಜಿನವರಿಗೆ ಬೇಕಾದ್ದು ಇದೇ. ಪಕ್ಕದಲ್ಲಿ ನಿಂತು ನೋಡಿದೆ, ಬೆನ್ನು ನನ್ನ ಕಣ್ಣಿನ ಮಟ್ಟಕ್ಕೆ. ಬೇಡ ಎಂದೆ. ದಖನಿ ತಟ್ಟು ಕುಳ್ಳು, ಗಟ್ಟಿ, ಒಣಹುಲ್ಲು ತಿಂದು ಬೆಟ್ಟ ಹತ್ತುತ್ತದೆ. ಕೂತರೆ ನನ್ನ ಕಾಲು ನೆಲಕ್ಕೆ ತಾಗೀತು ಅನ್ನಿಸಿತು. ಕಾಠಿಯಾವಾಡಿಯನ್ನು ಯಾರು ಬೇಕಾದರೂ ಗುರುತಿಸಬಹುದು, ಎರಡು ಕಿವಿಗಳೂ ಒಳಕ್ಕೆ ಬಾಗಿ ತುದಿಗೆ ತುದಿ ಮುಟ್ಟುತ್ತವೆ.

ತೆಗೆದುಕೊಂಡದ್ದು ಹೆಣ್ಣು. ತಾಯಿ ಕಾಠಿಯಾವಾಡಿ, ತಂದೆ ದಖನಿ ಅಂತೆ. ಕಿವಿ ಬಾಗಿವೆ, ಮುಟ್ಟುವುದಿಲ್ಲ. ಹುಣಸೆಹಣ್ಣಿನ ಬಣ್ಣದ ಮೈ, ಕಪ್ಪು ಜೂಲು, ಕಪ್ಪು ಬಾಲ — ಇದಕ್ಕೆ ಕುಮೇತು ಎನ್ನಬೇಕು, ಕೆಂಪು ಕುದುರೆ ಎಂದರೆ ಲಾಯದವರು ನಗುತ್ತಾರೆ. ನಕ್ಕರು. ಹುಚ್ಚಯ್ಯ ಬಾಯಿ ಬಿಡಿಸಿ ಹಲ್ಲು ನೋಡಿ ಆರು ವರ್ಷ ಎಂದ, ವ್ಯಾಪಾರಿ ಐದು ಎಂದ. ಗಂಟಲ ಹತ್ತಿರ ಕೂದಲು ಸುತ್ತಿಕೊಂಡ ಒಂದು ಸುಳಿ ಇದೆ. ಅದು ದೇವಮಣಿ, ಬಲು ಅಪರೂಪ, ಕಣ್ಣು ಮುಚ್ಚಿ ತಕ್ಕೊಳ್ಳಿ ಸ್ವಾಮಿ ಎಂದು ಹುಚ್ಚಯ್ಯ ನನ್ನ ಕೈ ಹಿಡಿದು ಮುಟ್ಟಿಸಿದ. ಎಡಗಣ್ಣಿನ ಕೆಳಗೂ ಒಂದು ಚಿಕ್ಕ ಸುಳಿ ಇದೆ, ಬೆರಳಲ್ಲಿ ತಿರುವಿ ಬಿಟ್ಟ ಹಾಗೆ. ಚೆನ್ನಾಗಿ ಕಾಣುತ್ತದೆ. ಅದರ ವಿಷಯ ಅವನು ಮಾತೆತ್ತಲಿಲ್ಲ.

ನಾಳೆ ವಾಪಸ್ಸು. ಹುಚ್ಚಯ್ಯ ಕುದುರೆ ಮೇಲೆ, ನಾನು ಗಾಡಿಯಲ್ಲಿ.

17-11-1907

ಕಲಿತದ್ದು: ಎತ್ತರ ಅಳೆಯುವುದು ಹ್ಯಾಂಡ್ ಲೆಕ್ಕದಲ್ಲಿ. ಒಂದು ಹ್ಯಾಂಡ್ ಎಂದರೆ ನಾಲ್ಕು ಇಂಚು, ಹೆಚ್ಚುಕಡಿಮೆ ಒಂದು ಅಂಗೈ ಅಗಲ. ನಾನು ಕಿವಿಯ ತುದಿಯವರೆಗೂ ಅಳೆದು ಅಮಲ್ದಾರರಿಗೆ ಹದಿನೆಂಟು ಹ್ಯಾಂಡ್ ಎಂದು ವರದಿ ಒಪ್ಪಿಸಿದೆ. ಕುದುರೆಯೋ ಒಂಟೆಯೋ ಎಂದರು. ಕತ್ತು ಬೆನ್ನಿಗೆ ಸೇರುವಲ್ಲಿ ಒಂದು ದಿಬ್ಬ ಇರುತ್ತದೆ, ಅಳತೆ ಅಲ್ಲಿಗೆ ಮುಗಿಯಬೇಕು. ತಲೆ ಲೆಕ್ಕಕ್ಕಿಲ್ಲ. ಸರ್ಕಾರಿ ಕೆಲಸಕ್ಕೆ ಹೊಂದುವ ಪದ್ಧತಿ. ಈಗ ಹದಿಮೂರೂವರೆ.

ಗಂಡಿನಲ್ಲಿ ಎರಡು ಬಗೆ. ತಳಿಗೆ ಬಿಟ್ಟದ್ದು ಬೀಜದ ಕುದುರೆ, ಬೀಜ ಒಡೆಸಿದ್ದು ಆಖ್ತಾ. ಸವಾರಿಗೆ ಆಖ್ತಾ ಸಾಧು ಅಂತೆ. ಇದನ್ನು ಹುಚ್ಚಯ್ಯ ಕೊಂಡ ಮೇಲೆ ಹೇಳುತ್ತಿದ್ದಾನೆ.

ಏರುವುದು ಯಾವಾಗಲೂ ಎಡಗಡೆಯಿಂದ. ಯಾಕೆ ಎಂದೆ. ಕತ್ತಿ ಎಡಕ್ಕೆ ತೂಗುತ್ತದೆ, ಬಲದಿಂದ ಏರಿದರೆ ಕಾಲಿಗೆ ತೊಡರುತ್ತದೆ ಎಂದ. ನನ್ನ ಹತ್ತಿರ ಕತ್ತಿಯಿಲ್ಲ, ಛತ್ರಿಯಿದೆ ಎಂದೆ. ಅದನ್ನೂ ಎಡಕ್ಕೇ ಇಟ್ಟುಕೊಳ್ಳಿ ಎಂದ.

ಹೊಳೆಯಂಚಿನ ಮರಳಿನಲ್ಲಿ ಪಾಠ. ಮೊದಲು ನಡಿಗೆ, ಅದಕ್ಕೆ ಮೇಲೆ ದುಲ್ಕಿ ಅಂದರೆ ಕುಕ್ಕುಲೋಟ, ಅದಕ್ಕೂ ಮೇಲೆ ನಾಗಾಲೋಟ. ದುಲ್ಕಿಯಲ್ಲಿ ಬಿದ್ದೆ. ಬಟ್ಟೆ ಒಗೆಯುವವರು ಕೆಲಸ ನಿಲ್ಲಿಸಿ ನೋಡಿದರು.

5-12-1907

ಈಗ ದುಲ್ಕಿಯಲ್ಲಿ ಬೀಳುವುದಿಲ್ಲ. ಖುಷಿಯಾಗಿದೆ. ಬರೆದಿಟ್ಟಿರುತ್ತೇನೆ.

ಒಂದು ತೊಂದರೆ. ಲಗಾಮು ಹಾಕಲು ಹೋದರೆ ತಲೆ ಎತ್ತಿ ಹಿಂದೆ ಸರಿಯುತ್ತದೆ. ನನಗೆ ಹೋಗಲಿ, ಹುಚ್ಚಯ್ಯನಿಗೂ ನಿಲ್ಲುವುದಿಲ್ಲ. ಇವತ್ತು ಪುಟ್ಟಗೌರಿ ಹಿತ್ತಲ ಬಾಗಿಲಿಂದ ಬಂದಳು. ಅಂಗೈಯಲ್ಲಿ ಬೆಲ್ಲ. "ಕುಮ್ಮೀ" ಅಂದಳು — ಕುಮೇತಿಗೆ ಅವಳಿಟ್ಟ ಹೆಸರು. ಕುದುರೆ ತಲೆ ತಗ್ಗಿಸಿತು. ಅವಳು ಎರಡೂ ಕೈಯಲ್ಲಿ ಅದರ ಮುಖ ಹಿಡಿದುಕೊಂಡಳು, ಅದು ಕಂಬದ ಹಾಗೆ ನಿಂತಿತು. ನಾನು ಲಗಾಮು ಹಾಕಿದೆ. ಎಷ್ಟು ದಿನದಿಂದ ಹೀಗೆ ಬೆಲ್ಲ ಕೊಡುತ್ತಿದ್ದೀಯ ಎಂದೆ. ಬಂದ ದಿನದಿಂದ ಎಂದಳು.

ಅವಳು ಈಗ ಊಟ ಸರಿಯಾಗಿ ಮಾಡುತ್ತಾಳೆ. ಹಿತ್ತಲಲ್ಲಿ ಅವಳ ದನಿ ಕೇಳುತ್ತದೆ. ಕುದುರೆಗೆ ಏನೇನೋ ಹೇಳುತ್ತಿರುತ್ತಾಳೆ, ನನಗೆ ಹೇಳದ್ದೆಲ್ಲ.

22-12-1907, ಭಾನುವಾರ

ಅವ್ವ ಇಷ್ಟು ದಿನ ಕುದುರೆಯ ಹತ್ತಿರ ಹೋದವಳಲ್ಲ. ಒದೆಯುತ್ತದೆ ಅಂತ ಹೆದರಿಕೆ. ಇವತ್ತು ಸೊಸೆಗೆ ಬಿಸಿಲು ತಾಗೀತು ಅಂತ ಕರೆಯಲು ಹೋದವಳು ಅಲ್ಲೇ ನಿಂತುಬಿಟ್ಟಳು. ಕೊಳ್ಳುವ ಎತ್ತಿನ ಸುಳಿ ನೋಡದೆ ನಮ್ಮ ಮನೆಯಲ್ಲಿ ಹಗ್ಗ ಬಿಚ್ಚಿದವರಿಲ್ಲ, ಅವ್ವನ ಕಣ್ಣಿಗೆ ಅದು ತಪ್ಪುತ್ತದೆಯೇ. ನನ್ನನ್ನು ಕರೆದಳು.

"ಮಗಾ, ಇದು ಕಣ್ಣೀರು ಸುಳಿ. ಕಣ್ಣಲ್ಲಿ ನೀರು ಇಳಿಯೋ ದಾರೀಲೇ ಐತೆ ನೋಡು. ಇಂತಾದ್ದು ಕಟ್ಟಿದ ಮನೇಲಿ ಅಳು ತಪ್ಪಾಕಿಲ್ಲ."

ಹುಚ್ಚಯ್ಯನನ್ನು ಕರೆಸಿದೆ. ನೋಡಿದ್ದೆ ಸ್ವಾಮಿ, ದೇವಮಣಿ ಇದ್ದ ಮೇಲೆ ಮಿಕ್ಕ ಸುಳಿಗಳು ಲೆಕ್ಕಕ್ಕಿಲ್ಲ ಅಂತ ಬಾಯಿ ಮುಚ್ಚಿಕೊಂಡೆ ಎಂದ. ಅವ್ವ ಅವನ ಕಡೆ ತಿರುಗಲೂ ಇಲ್ಲ.

"ದೇವಮಣಿ ಸವಾರಂಗೆ. ಕಣ್ಣೀರು ಸುಳಿ ಮನೆಗೆ."

ಕುದುರೆ ಮಾರಿಬಿಡು ಎಂದಳು. ಮಾರಿದರೆ ಕೆಲಸ ಹೋಗುತ್ತದೆ ಎಂದೆ. ಹಾಗಾದರೆ ಸುಳಿಯ ಮೇಲೆ ಬರೆ ಹಾಕಿಸು, ಕೂದಲು ಸುಟ್ಟರೆ ಸುಳಿ ಎಲ್ಲಿಂದ ಬಂತು, ಎತ್ತಿಗೆ ಹಾಗೇ ಮಾಡುವುದು ಎಂದಳು. ಕಣ್ಣಿನ ಅಷ್ಟು ಹತ್ತಿರ ಕಾದ ಕಬ್ಬಿಣ! ಆಗದು ಎಂದೆ, ಗಟ್ಟಿಯಾಗಿಯೇ. ಅವ್ವ ಸೊಸೆಯನ್ನು ಕರೆದುಕೊಂಡು ಒಳಗೆ ಹೋದಳು.

ಸಂಜೆ ಪುಟ್ಟಗೌರಿಗೆ ಸಮಾಧಾನ ಹೇಳಲು ಹೋದೆ. ಮೊದಲೆರಡು ಸಲ ನಮ್ಮ ಮನೆಯಲ್ಲಿ ಯಾವ ಕುದುರೆ ಇತ್ತು, ಯಾವ ಸುಳಿ ಇತ್ತು ಎಂದೆ. ಒಳ್ಳೆಯ ವಾದ ಅಂದುಕೊಂಡಿದ್ದೆ.

"ಆಗ ನಮಗೇನೂ ಗೊತ್ತಿರ್ಲಿಲ್ಲ ಕಣ್ರೀ. ಈಗ ಗೊತ್ತಾಗೈತಲ್ಲ."



29-12-1907

ಪುಟ್ಟಗೌರಿ ಬೆಲ್ಲ ಕೊಡುವುದು ನಿಂತಿಲ್ಲ. ಆದರೆ ಈಗ ಬಲಗಡೆಯಿಂದ ಬರುತ್ತಾಳೆ, ಸುಳಿ ಕಾಣದ ಹಾಗೆ.

20-1-1908, ಸೋಮವಾರ

ಕಂದಾಯದ ಕಿಸ್ತಿನ ಹಣ ಕಟ್ಟಲು ಪಹರೆಯವರ ಜೊತೆ ಗಾಡಿಯಲ್ಲಿ ಮೈಸೂರಿಗೆ ಹೋಗಿದ್ದವನು ಇವತ್ತು ಬಂದೆ. ಹಿತ್ತಲಿಗೆ ಹೋದರೆ ಕುದುರೆಯ ಎಡಗೆನ್ನೆಗೆ ಅರಿಶಿನ, ಹರಳೆಣ್ಣೆ. ಅದರ ಕೆಳಗೆ ಸುಟ್ಟ ಮಾಂಸ. ಕಣ್ಣು ಊದಿ ಮುಚ್ಚಿಕೊಂಡಿದೆ. ನನ್ನ ದನಿ ಕೇಳಿ ನಡುಗಿತು.

ದನಕ್ಕೆ ಬರೆ ಹಾಕುವ ಮಾದಯ್ಯ ಬಂದಿದ್ದನಂತೆ. ಯಾರು ಕರೆಸಿದ್ದು ಎಂದೆ. ಅವ್ವ ಒಲೆಯ ಮುಂದೆ ಕೂತಿದ್ದಳು, ಎದ್ದೇಳಲಿಲ್ಲ.

"ನಾನೇ ಏಳ್ದೆ. ಏನಾರ ಅನ್ನೋದಿದ್ರೆ ನಂಗೇ ಅನ್ನು."

ಹೊರಗೆ ಬಂದುಬಿಟ್ಟೆ. ಅಂದಿದ್ದರೆ ಮಗ ಆಡುವ ಮಾತಾಗಿರುತ್ತಿರಲಿಲ್ಲ. ಪುಟ್ಟಗೌರಿ ತಲೆನೋವು ಅಂತ ಒಳಗೆ ಮಲಗಿದ್ದಾಳೆ. ಎಬ್ಬಿಸಲಿಲ್ಲ.

9-2-1908

ಊತ ಇಳಿಯಿತು. ಕಣ್ಣು ತೆರೆಯಿತು. ಒಳಗೆ ಗಂಜಿ ತಿಳಿಯ ಹಾಗೆ ಬಿಳುಪು. ಮೈಸೂರಿನಿಂದ ಕ್ಯಾಂಪಿಗೆ ಬಂದಿದ್ದ ದನದ ಡಾಕ್ಟರಿಗೆ ತೋರಿಸಿದೆ. ಕಡ್ಡಿ ಗೀರಿ ಕಣ್ಣೆದುರು ಆಡಿಸಿದರು, ರೆಪ್ಪೆ ಅಲುಗಲಿಲ್ಲ. ಹೋಯಿತು, ಏನೂ ಮಾಡುವಂತಿಲ್ಲ ಎಂದರು. ನೀರು ಮಾತ್ರ ಸುರಿಯುತ್ತಲೇ ಇರುತ್ತದಂತೆ, ಒರೆಸುತ್ತಿರಿ ಎಂದರು.

ಒರೆಸುತ್ತಿದ್ದೇನೆ. ಬೆಳಿಗ್ಗೆ ಒಂದು ಸಲ, ಕಚೇರಿಯಿಂದ ಬಂದ ಮೇಲೆ ಒಂದು ಸಲ. ಸುಳಿ ಇದ್ದಾಗ ಇದರ ಕಣ್ಣಲ್ಲಿ ಒಂದು ಹನಿ ನೋಡಿದ್ದಿಲ್ಲ.

ಅವ್ವನ ಹತ್ತಿರ ಮಾತಿಲ್ಲ. ಬಡಿಸುತ್ತಾಳೆ, ಉಣ್ಣುತ್ತೇನೆ.

8-3-1908

ಎಡಗಡೆಯಿಂದ ಯಾರು ಹೋದರೂ ಬೆಚ್ಚುತ್ತದೆ. ರಿಕಾಪಿನಲ್ಲಿ ಕಾಲಿಟ್ಟ ತಕ್ಷಣ ಬಲಕ್ಕೆ ಹಾರುತ್ತದೆ. ಎರಡು ಸಲ ಬಿದ್ದೆ. ಈಗ ಬಲಗಡೆಯಿಂದ ಏರುತ್ತೇನೆ. ಹುಚ್ಚಯ್ಯನಿಗೆ ಸಿಟ್ಟು, ರಾವುತರು ಕಂಡರೆ ಉಗಿಯುತ್ತಾರೆ ಎಂದ. ಅವರಿಗೆ ಈ ಕಣ್ಣು ತೋರಿಸು ಎಂದೆ.

ಏರಿದ ಮೇಲೆ ಚಿಂತೆಯಿಲ್ಲ. ಎಡಕ್ಕೆ ಏನಾದರೂ ಬಂದರೆ ಮೊದಲೇ ಹೇಳುತ್ತೇನೆ — ಗಾಡಿ ಬರ್ತಾ ಇದೆ, ನಾಯಿ ಇದೆ. ಕಿವಿ ಆ ಕಡೆ ತಿರುಗಿಸುತ್ತದೆ. ದಾರಿಯಲ್ಲಿ ಕಂಡವರಿಗೆ ಶೇಕ್ದಾರರಿಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು.

ಪುಟ್ಟಗೌರಿ ಹಿತ್ತಲಿಗೆ ಬರುವುದೇ ಇಲ್ಲ. ಸಂಜೆಯಾದರೆ ಕುದುರೆ ಬಾಗಿಲ ಕಡೆ ನೋಡುತ್ತದೆ, ನೋಡಲು ತಲೆಯನ್ನು ಪೂರ್ತಿ ತಿರುಗಿಸಬೇಕು. ಅವ್ವನ ಹೆದರಿಕೆ ಇವಳಿಗೂ ಅಂಟಿದೆ. ಅದಕ್ಕೂ ಅವ್ವನ ಮೇಲೇ ಕೋಪ.

14-4-1908, ಮಂಗಳವಾರ

ಹೆಣ್ಣು. ಬೆಳಿಗ್ಗೆ. ಅತ್ತಿತು. ಜೋರಾಗಿ.

ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೊರಗೆ ಜಗಲಿಯಲ್ಲಿ ಕೂತಿದ್ದೆ. ಸಂತೋಷ.

ಅವ್ವ ಬಂದು ಬಾಗಿಲಲ್ಲಿ ನಿಂತು ಹೇಳಿದಳು, ನೋಡಿದೆಯಾ ಅಂತ. ಬರೆಯ ಮಾತು ಅದು ಎಂದು ಇಬ್ಬರಿಗೂ ಗೊತ್ತು. ಇವತ್ತು ಜಗಳ ಬೇಡ ಅಂತ ಕುದುರೆಗೆ ಹುಲ್ಲು ಹಾಕಲು ಹೋದೆ.

2-5-1908

ತೊಟ್ಟಿಲಿಗೆ ಹಾಕಿದ್ದಾಯಿತು. ಮೊದಲ ಸಲ ಈ ಮನೆಯ ತೊಟ್ಟಿಲು ತೂಗಿತು. ಹೆಮ್ಮರಗಾಲದಿಂದ ಎಲ್ಲರೂ ಬಂದಿದ್ದರು. ಬಂದವರೆಲ್ಲ ಸಾಲಾಗಿ ಹೋಗಿ ಕುದುರೆಯ ಬರೆ ನೋಡಿದರು, ಯಾವುದೋ ಪವಾಡ ನೋಡುವ ಹಾಗೆ. ಪುಟ್ಟಗೌರಿ ಒಬ್ಬಳೇ ಏಳಲಿಲ್ಲ.

18-5-1908, ಸೋಮವಾರ

ಜಮಾಬಂದಿ ಕ್ಯಾಂಪು. ಅಸಿಸ್ಟೆಂಟ್ ಕಮಿಷನರ್ ಸಾಹೇಬರು ನಂಜನಗೂಡಿನಿಂದ ಬಂದಿದ್ದಾರೆ. ಅವರದು ದೊಡ್ಡ ವೇಲರ್, ಸಬ್ಜಾ ಬಣ್ಣ, ಅಂದರೆ ಬೂದಿ ಬಿಳುಪು. ಬೆಳಿಗ್ಗೆಯಿಂದ ಅವರ ಪಕ್ಕದಲ್ಲೇ ಸವಾರಿ ಮಾಡಿದೆ. ಕಾಲುವೆ, ತೋಪು, ಮೂರು ಹಳ್ಳಿ. ದುಲ್ಕಿಯಲ್ಲಿ ಬೀಳಲಿಲ್ಲ. ನಾಗಾಲೋಟವನ್ನೂ ಮಾಡಿದೆ. ಅಮಲ್ದಾರರು ಹಿಂದಿನ ಗಾಡಿಯಿಂದ ನೋಡಿ ತಲೆದೂಗಿದರಂತೆ.

ಹೊರಡುವಾಗ ಬಲಗಡೆಯಿಂದ ಏರಿದ್ದನ್ನು ಸಾಹೇಬರು ನೋಡಿದ್ದರು. ಮಧ್ಯಾಹ್ನ ತೋಪಿನಲ್ಲಿ ಇಳಿದ ಮೇಲೆ ಏನೂ ಹೇಳದೆ ಕುದುರೆಯ ಎಡಗಡೆಗೆ ಬಂದು ಟೋಪಿ ತೆಗೆದು ಕಣ್ಣೆದುರು ಬೀಸಿದರು. ಅದು ಸುಮ್ಮನೆ ನಿಂತಿತ್ತು. ಆಮೇಲೆ ಬರೆಯ ಮೇಲೆ ಬೆರಳಿಟ್ಟರು, ಆಗ ಬೆಚ್ಚಿತು. ಇದೇನು ಎಂದರು. ಹೇಳಿದೆ. ಹಳ್ಳಿಯವರ ಮೌಢ್ಯ ಎಂದರು. ಹೌದು ಎಂದೆ. ಇಲ್ಲ ಎನ್ನಬೇಕು ಅನ್ನಿಸಿತು, ಯಾಕೋ ಗೊತ್ತಿಲ್ಲ.

ಆರ್ಡರ್: ಕುರುಡು ಕುದುರೆ ಸರ್ಕಾರಿ ಕೆಲಸಕ್ಕೆ ಪಾಸಾಗುವುದಿಲ್ಲ, ತಿಂಗಳೊಳಗೆ ಬೇರೆಯದು ತರತಕ್ಕದ್ದು. ಸವಾರಿ ಪರವಾಗಿಲ್ಲ ಎಂದರು. ಕೆಲಸ ಉಳಿಯಿತು.

ಎರಡು ಕುದುರೆ ಸಾಕುವ ಶಕ್ತಿ ನನಗಿಲ್ಲ.

6-6-1908

ನಂಜನಗೂಡಿನ ಜಟಕಾದವನು ಒಪ್ಪಿದ್ದಾನೆ. ಜಟಕಾ ಕುದುರೆಗೆ ಒಂದು ಕಣ್ಣು ಹೋದರೇನು, ಹೇಗೂ ಎರಡಕ್ಕೂ ಪಟ್ಟಿ ಕಟ್ಟುತ್ತೇವಲ್ಲ ಎಂದ. ಸೋಮವಾರ ಬಂದು ಹೊಡೆದುಕೊಂಡು ಹೋಗುತ್ತಾನೆ.

7-6-1908, ಭಾನುವಾರ

ಊಟಕ್ಕೆ ಕೂತಾಗ ಹೇಳಿದೆ. ನಾಳೆ ಕುದುರೆ ಹೋಗುತ್ತದೆ ಅಂತ. ಅವ್ವನನ್ನು ಚುಚ್ಚಬೇಕು ಅಂತಲೇ ಹೇಳಿದ್ದು — ಬರೆ ಹಾಕಿಸಿದವರು ಬೇಕಾದರೆ ಒಂದು ಸಲ ನೋಡಿಕೊಂಡು ಬರಲಿ ಎಂದೆ. ಅವ್ವ ತಲೆ ತಗ್ಗಿಸಿ ಮಜ್ಜಿಗೆ ಬಡಿಸಿದಳು. ಪುಟ್ಟಗೌರಿ ಮಗುವನ್ನು ಅವ್ವನ ತೊಡೆಗೆ ಹಾಕಿ ನನ್ನನ್ನು ನಡುಮನೆಗೆ ಕರೆದಳು.

"ಅತ್ತೆಮ್ಮನ್ನ ಅನ್ಬೇಡಿ. ನೀವು ಬ್ಯಾಡ ಅಂದ್ಮೇಲೆ ಅವರು ಆ ಮಾತೇ ಬಿಟ್ಟಿದ್ರು. ಮಾದಯ್ಯನ್ನ ಕರೆಸಿದ್ದು ನಾನು. ಬ್ಯಾಡ ಕಣವ್ವ ಅಂತ ಅತ್ತೆಮ್ಮ ನನ್ನ ಕೈ ಇಡ್ಕೊಂಡ್ರು. ನಾನು ಕೇಳ್ಲಿಲ್ಲ."

ಕುದುರೆಯನ್ನು ಯಾರು ಹಿಡಿದುಕೊಂಡಿದ್ದರು ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಗಿ ಹೋಯಿತು.

"ಇನ್ಯಾರಿಗೆ ನಿಲ್ತದೆ ಅದು? ಬೆಲ್ಲ ಕೊಟ್ಟು ನಾನೇ ಮುಖ ಇಡ್ಕೊಂಡಿದ್ದೆ. ಕಬ್ಬಿಣ ತಂದಾಗ್ಲೂ ಅಲುಗ್ಲಿಲ್ಲ ಕಣ್ರೀ. ನನ್ನೇ ನೋಡ್ತಾ ಇತ್ತು. ಅಲುಗಿದ್ದು ನನ್ನ ಕೈ."

ಅಳಲಿಲ್ಲ. ಹೇಳಿ ಮುಗಿಸಿ ಮಗುವಿನ ಹತ್ತಿರ ಹೋದಳು.

ಅವ್ವನ ಹತ್ತಿರ ಹೋಗಿ ನಿಂತೆ. ನಾಲ್ಕು ತಿಂಗಳಿಗೂ ಮೇಲಾಯಿತು, ಸೊಸೆಯ ಮೇಲಿನದನ್ನು ತನ್ನ ಮೇಲೆ ಹಾಕಿಕೊಂಡು ನನ್ನ ಗಂಟುಮುಖ ನೋಡುತ್ತಾ ಬಡಿಸಿದ್ದಾಳೆ. ಯಾಕವ್ವಾ ಹೇಳಲಿಲ್ಲ ಎಂದೆ. ಬಸುರಿ ಹೆಂಗಸಿನ ಮೇಲೆ ನೀನು ಸಿಟ್ಟಾದರೆ ಆ ಕೂಸು ಉಳಿಯುತ್ತಿತ್ತಾ ಎಂದಳು. ಮತ್ತೆ ಮಗುವನ್ನು ಆಡಿಸತೊಡಗಿದಳು. ಕಾಲು ಮುಟ್ಟಬೇಕು ಅನ್ನಿಸಿತು. ಮುಟ್ಟಲಿಲ್ಲ. ಮಜ್ಜಿಗೆ ಇನ್ನೊಂದಿಷ್ಟು ಹಾಕು ಎಂದೆ.

8-6-1908, ಸೋಮವಾರ, ಬೆಳಿಗ್ಗೆ

ಎದ್ದು ಹಿತ್ತಲಿಗೆ ಹೋದೆ, ಕೊನೆಯ ಸಲ ಕಣ್ಣು ಒರೆಸಲು. ಪುಟ್ಟಗೌರಿ ಆಗಲೇ ಅಲ್ಲಿದ್ದಳು. ಬರೆ ಹಾಕಿಸಿದ ದಿನದಿಂದ ಇವತ್ತೇ ಹಿತ್ತಲಿಗೆ ಇಳಿದಿರುವುದು. ಅಂಗೈಯಲ್ಲಿ ಬೆಲ್ಲ. ಎಡಗಡೆಯಿಂದ ಹೋಗುತ್ತಿದ್ದಳು. ಆ ಕಡೆಯಿಂದ ಬೇಡ, ಕಾಣುವುದಿಲ್ಲ, ಬೆಚ್ಚಿ ತುಳಿದೀತು ಎಂದೆ. ಕೇಳಲಿಲ್ಲ. ತುಳಿದರೆ ತುಳಿಯಲಿ ಅನ್ನುವ ಹಾಗೆ ಹೋದಳು.

"ಕುಮ್ಮೀ" ಅಂದಳು.

ಬೆಚ್ಚಲಿಲ್ಲ. ಕಿವಿ ತಿರುಗಿಸಿತು. ತಲೆ ತಗ್ಗಿಸಿ, ಕಾಣದ ಕಡೆಯಿಂದಲೇ ಹುಡುಕುತ್ತಾ ಬಂದು ಅವಳ ಅಂಗೈಗೆ ಮೂತಿ ಇಟ್ಟಿತು. ಅವಳು ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡಳು. ಮೊದಲಿನ ಹಾಗೇ, ಕಂಬದ ಹಾಗೆ ನಿಂತಿತು.

"ಇನ್ನೂ ನಂಬ್ತದಲ್ಲ ಕಣ್ರೀ, ನನ್ನ" ಅಂದಳು. ಆಮೇಲೆ ಅತ್ತಳು. ಎರಡು ಮಕ್ಕಳು ಹೋದಾಗಲೂ ಹಾಗೆ ಅತ್ತವಳಲ್ಲ.

ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವಳಿನ್ನೂ ಅಲ್ಲೇ ಇದ್ದಾಳೆ. ಮಗು ಎದ್ದಿದೆ, ಅವ್ವ ತೂಗುತ್ತಿದ್ದಾಳೆ. ಬೀದಿ ಬಾಗಿಲಲ್ಲಿ ಜಟಕಾದವನು ಬಂದು ಕೂಗುತ್ತಿದ್ದಾನೆ, ಹಗ್ಗ ತಂದಿದ್ದೀನಿ ಸ್ವಾಮಿ, ಹೊತ್ತಾಯ್ತು ಅಂತ. ಅವ್ವ ತೊಟ್ಟಿಲ ಹಗ್ಗ ಬಿಟ್ಟು ನನ್ನನ್ನೇ ನೋಡುತ್ತಿದ್ದಾಳೆ. ಹೋಗಿ ಅವನಿಗೆ ಇನ್ನೊಂದು ಗಳಿಗೆ ಕಾಯಲು ಹೇಳಬೇಕು, ಅವಳಾಗಿ ಕೈ ಬಿಡುವವರೆಗೆ.